ಲಲಾಟವೂ ಲಾಟೂ

ವಿಧಿಯನ್ನು ನಿಂದಿಸುವ ವಿಷಯದಲ್ಲಿ ಕನ್ನಡಿಗನಿಗೆ ಶಬ್ದದಾರಿದ್ರ್ಯವೆಂಬುದು ಎಂದೂ ಇದ್ದುದಿಲ್ಲ. ಹಣೆಬರಹ, ಪ್ರಾಪ್ತಿ, ಪ್ರಾರಬ್ಧ, ಋಣಾನುಬಂಧ, ಪಡೆದು ಬಂದದ್ದು, ಕೇಳಿಕೊಂಡು ಬಂದದ್ದು, ಇಷ್ಟೂ ಸಾಲದೆಂಬಂತೆ ಅರಬ್ಬೀ ಮೂಲದ ನಸೀಬನ್ನೂ ಕಿಸ್ಮತ್ತನ್ನೂ ಮನೆಯೊಳಕ್ಕೆ ಕರೆದು ಮಣೆ ಹಾಕಿದವರು ನಾವು. ಇಂತಹ ಸಮೃದ್ಧಿಯ ನಡುವೆಯೂ ಬೆಂಗಳೂರಿನ ನಮ್ಮ ಕಾಟನ್‌ಪೇಟೆಯ ಜನ ಕಷ್ಟ ಬಂದೊಡನೆ ಇಂಗ್ಲಿಷಿಗೇ ಮೊರೆಹೋಗುವರು. ಅರಳೆಯನ್ನು ಕಾಟನ್ನೆಂದು ಕರೆದು ಬಡಾವಣೆಗೇ ಹೆಸರಿಟ್ಟುಕೊಂಡವರು ಹಣೆಬರಹವೊಂದನ್ನು ಕನ್ನಡದಲ್ಲಿ ಉಳಿಸಿಕೊಂಡಾರೆಂದು ನಿರೀಕ್ಷಿಸುವುದೂ ಅನ್ಯಾಯವೇ ಸರಿ.

ಇಂಗ್ಲಿಷರ ಫೇಟು ಲ್ಯಾಟಿನ್ನಿನಿಂದ ಬಂದುದು; ನುಡಿದು ಮುಗಿದುದೆಂಬುದು ಅದರ ಮೂಲಾರ್ಥ. ನಮ್ಮ ಬ್ರಹ್ಮನು ಬರೆದಿಟ್ಟನು. ರೋಮಿನ ದೇವತೆಗಳು ಬಾಯಲ್ಲಿಯೇ ಹೇಳಿ ಎದ್ದುಹೋದರು. ಬರೆದುದಾದರೆ ಎಲ್ಲೋ ಒಂದು ಒತ್ತಕ್ಷರ ಬಿಟ್ಟಿದೆಯೆಂದಾದರೂ ತಕರಾರು ತೆಗೆಯಬಹುದು, ಬಾಯಿಮಾತಿಗೆ ದಾಖಲೆ ಎಲ್ಲಿಯದು? ಇನ್ನು ಡೂಮ್ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಕೇವಲ ನ್ಯಾಯತೀರ್ಪಾಗಿದ್ದು, ಕಾಲಕ್ರಮದಲ್ಲಿ ಸರ್ವನಾಶವೆಂಬ ಅರ್ಥವನ್ನು ಪಡೆಯಿತಂತೆ. ಸಿವಿಲ್ ದಾವೆಯೊಂದನ್ನು ಹೂಡಿ ಕಂಡವರಾರೂ ಇದಕ್ಕೆ ಆಶ್ಚರ್ಯಪಡಲಾರರು.

ಇವುಗಳಲ್ಲಿ ನಮ್ಮ ಪೇಟೆಗೆ ನಿಜವಾಗಿ ಒಗ್ಗಿದುದು ಲಾಟು. ಇಂಗ್ಲಿಷ್ ಜನ ಹಿಂದೆ ಮರದ ಚೂರುಗಳನ್ನು ಹಾಕಿ ಎತ್ತಿ ಯಾರಿಗೆ ಏನೆಂಬುದನ್ನು ನಿರ್ಣಯಿಸುತ್ತಿದ್ದರು. ಆ ಚೂರಿಗೂ, ಅದರಿಂದ ದೊರೆತ ಪಾಲಿಗೂ, ಕಡೆಗೆ ಬಾಳಿನ ಗತಿಗೂ ಒಂದೇ ಹೆಸರಾಯಿತು. ಪಕ್ಕದ ಅಗರಬತ್ತಿ ಅಂಗಡಿಯವರಿಗೆ ಈ ಇತಿಹಾಸವೊಂದೂ ತಿಳಿಯದು, ಆದರೆ ತತ್ತ್ವ ಪೂರ್ತಿಯಾಗಿ ತಿಳಿದಿದೆ. ಅವರ ಊದುಕಡ್ಡಿ ಮಂಗಳಾರತಿಯ ಮಧ್ಯದಲ್ಲಿಯೇ ನಂದಿಹೋಯಿತೆಂದು ನಾನು ದೂರಿದಾಗ, ಕಡ್ಡಿಯನ್ನು ಮೂಸಿ ನೋಡಿ, "ಮಾಲಿನ ತಪ್ಪಲ್ಲ ಮೇಷ್ಟ್ರೇ, ಈ ಲಾಟೇ ಹಾಗೆ. ಮುಂದಿನ ಲಾಟಿನಲ್ಲಿ ನೋಡೋಣ" ಎಂದರು. ಪುನರ್ಜನ್ಮಸಿದ್ಧಾಂತವನ್ನು ಇಷ್ಟು ಸಂಕ್ಷೇಪವಾಗಿ ಹೇಳಿದವರನ್ನು ನಾನು ಕಾಣೆ. ಗೋದಾಮಿನಲ್ಲಿ ಬಿದ್ದಿರುವುದು ಸಂಚಿತ, ಅಂಗಡಿಗೆ ಬಂದಿಳಿದುದು ಪ್ರಾರಬ್ಧ, ಆರ್ಡರು ಹೋಗಿರುವುದು ಆಗಾಮಿ. ಮಗ ಪಿಯುಸಿಯಲ್ಲಿ ನಪಾಸಾದಾಗಲೂ ಅವರು ಕಣ್ಣೀರಿಡದೆ, ಅವನ ಗೆಳೆಯರ ಗುಂಪಿನ ಕಡೆ ಕೈ ತೋರಿಸಿ, ಇಡೀ ಲಾಟೇ ಹಾಗೆ ಬಂದಿದೆಯೆಂದು ಸಮಾಧಾನ ತಂದುಕೊಂಡರು.

ವಿಧಿಗೆ ಶಿಷ್ಟವಾದ ಇಂಗ್ಲಿಷನ್ನು ಕಲಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ನಮ್ಮ ಊರಿನದೇ. ಬಿ. ಸೂರ್ಯನಾರಾಯಣರಾಯರು 1895ರಲ್ಲಿ ಆರಂಭಿಸಿದ್ದ ಅಸ್ಟ್ರಲಾಜಿಕಲ್ ಮ್ಯಾಗಜೀನನ್ನು ಅವರ ಮೊಮ್ಮಗ ಬಿ. ವಿ. ರಾಮನ್ನರು 1936ರಲ್ಲಿ ಮತ್ತೆ ಎತ್ತಿ ನಿಲ್ಲಿಸಿ, ದಶಕಗಳ ಕಾಲ ಬೆಂಗಳೂರಿನಿಂದ ನಡೆಸಿದರು. ಆ ಇಂಗ್ಲಿಷಿನಲ್ಲಿ ದಶೆಯೆಂದರೆ ಪೀರಿಯಡ್ಡು, ಭುಕ್ತಿಯೆಂದರೆ ಸಬ್‌ಪೀರಿಯಡ್ಡು. ಅದರ ಚಂದಾದಾರರಾಗಿದ್ದ ನಮ್ಮ ಬೀದಿಯ ಹಿರಿಯರೊಬ್ಬರು, 19 ವರ್ಷಗಳ ಶನಿದಶೆಯೆಂದು ಪುರೋಹಿತರು ಕನ್ನಡದಲ್ಲಿ ನುಡಿದಾಗ ಊಟ ಬಿಟ್ಟವರು, ಅದನ್ನೇ ಸ್ಯಾಟರ್ನ್ ಪೀರಿಯಡ್ಡೆಂದು ಇಂಗ್ಲಿಷಿನಲ್ಲಿ ಓದಿದ ಮೇಲೆ ಮಜ್ಜಿಗೆಯನ್ನಕ್ಕೆ ಮತ್ತೊಮ್ಮೆ ಬಡಿಸಿಕೊಂಡರು. ಪೀರಿಯಡ್ಡಾದರೆ ಶಾಲೆಯದರಂತೆ ಎಂದಾದರೊಂದು ದಿನ ಗಂಟೆ ಹೊಡೆಯಲೇಬೇಕಷ್ಟೆ!

ಹಾಗೆಂದು ಪೇಟೆಯಲ್ಲಿ ಶರಣಾಗತಿಗೆ ಕೊರತೆಯಿಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿಯ ಗುಡಿಯಿಂದ ಹೊರಟ ಕರಗವು ಬಂದು ಹೋಗುವ ದರ್ಗಾ ಇಲ್ಲಿಯದು; ಅಲ್ಲಿಯ ಸಂತರ ಹೆಸರು ತವಕ್ಕಲ್ ಮಸ್ತಾನ್. ತವಕ್ಕುಲ್ ಎಂದರೆ ದೇವರ ಮೇಲೆ ಭಾರ ಹಾಕುವುದು. ಹಾಗೆ ಭಾರ ಹಾಕಿ ಬಂದವರೇ ಆಟೋ ಹತ್ತುತ್ತ, ಲಕ್ಕಿದ್ದರೆ ಕೆಲಸವಾಗುತ್ತದೆ ಎನ್ನುವುದನ್ನು ನಾನು ಕೇಳಿದ್ದೇನೆ. ದೇವರಿಗೂ ಒಬ್ಬ ಜಾಮೀನುದಾರ ಬೇಕೆಂದು ತೋರುತ್ತದೆ.

ಎಲ್ಲವೂ ಮೊದಲೇ ನಿಶ್ಚಿತವೆಂದು 16ನೆಯ ಶತಮಾನದಲ್ಲಿ ಜಿನೀವಾದ ಕ್ಯಾಲ್ವಿನ್ ಮಹಾಶಯನು ಉಪದೇಶಿಸಿದ ಪ್ರಿಡೆಸ್ಟಿನೇಷನ್ ಎಂಬ ತತ್ತ್ವವು ನಮಗೆ ಅರ್ಥವಾದುದು ಚೀಟಿವ್ಯವಹಾರದಿಂದ. ಮೊದಲನೆಯ ಚೀಟಿ ನಡೆಸುವವರಿಗೇ ಎಂಬುದು ರೂಢಿ. ಅದಕ್ಕೆ ಯಾರೂ ಬೇಸರಿಸರು. ಆದರೆ ಎರಡನೆಯ ತಿಂಗಳು, ಮನೆಯ ಮಗುವಿನ ಕೈಯಲ್ಲಿ ಡಬ್ಬಿಯಿಂದ ಎತ್ತಿಸಿದ ಚೀಟಿಯಲ್ಲಿ, ನಡೆಸುವವರ ಭಾವಮೈದುನನ ಹೆಸರೇ ಬಂದಿತು. "ಲಕ್ಕು" ಎಂದರು ನಡೆಸುವವರು. "ಫಿಕ್ಸು" ಎಂದರು ಅಗರಬತ್ತಿಯವರು. ಕ್ಯಾಲ್ವಿನ್ನನ ಶಿಷ್ಯರಾಗಿದ್ದರೆ ಎರಡೂ ಒಂದೇ ಎಂದು ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದರೋ ಏನೋ. ನಮ್ಮಲ್ಲಿ ಮಾತ್ರ ಕಾಫಿಯಾದ ಮೇಲೆ, ಮುಂದಿನ ತಿಂಗಳಿನಿಂದ ಮಗುವನ್ನು ಬದಲಾಯಿಸತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನವಾಯಿತು.