ಒಂಟಿಯಾಗಿ ಸಿಕ್ಕರೆ ನನ್ನನ್ನು ನಂಬಬೇಡಿ

ಯಾವುದಾದರೂ ಕಂಪನಿಯ ಬಗ್ಗೆ ತಿಳಿಯಬೇಕೆಂದರೆ ಜನ ಈಗ ಯೂಟ್ಯೂಬ್ ನೋಡುತ್ತಾರೆ, ಇಲ್ಲವೇ ಷೇರು ಆಡುವ ಭಾವಮೈದುನನನ್ನು ಕೇಳುತ್ತಾರೆ. ನಾವು ಮಾತ್ರ ಹಟ ಹಿಡಿದು ವಿಶ್ವವಿದ್ಯಾಲಯವೊಂದರ ಗ್ರಂಥಾಲಯಕ್ಕೆ ಹೋಗಿ, ವಾಣಿಜ್ಯ ವಿಭಾಗದ ಕೊನೆಯ ರ‍್ಯಾಕಿನ ತಳದಲ್ಲಿ ಕೂತಿದ್ದ ಹಳೆಯ ವಾರ್ಷಿಕ ವರದಿಯೊಂದನ್ನು ಮಾತಿಗೆಳೆದೆವು. ತನ್ನ ಕಂಪನಿಯ ಹೆಸರು ಬರೆಯಕೂಡದು ಎಂಬುದು ಅದರ ಒಂದೇ ಷರತ್ತು. ಕೇಸು ಇನ್ನೂ ನಡೆಯುತ್ತಿದೆಯಂತೆ.

ನಮಸ್ಕಾರ. ಆರೋಗ್ಯ ಹೇಗಿದೆ?

ಸವಾಲಿನ ವಾತಾವರಣದ ನಡುವೆಯೂ ನಮ್ಮ ಸಾಧನೆ ತೃಪ್ತಿಕರವಾಗಿದೆ.

ಬೆನ್ನಿಗೆ ಗೆದ್ದಲು ಹತ್ತಿದ ಹಾಗಿದೆಯಲ್ಲ?

ಅದು ಹದಿನೇಳನೆಯ ಟಿಪ್ಪಣಿಯಲ್ಲಿ ಬರುತ್ತದೆ. ಅಧ್ಯಕ್ಷರ ಪತ್ರದಲ್ಲಿ ಬರುವಂಥದ್ದಲ್ಲ.

ನಿಮ್ಮ ಜಾತಿಯವರೆಲ್ಲ ಮಾತಾಡುವುದು ಹೀಗೆಯೇ?

ಮನೆತನದ ರೀತಿ ಸ್ವಾಮಿ. ಮೊದಲ ಪುಟದಲ್ಲಿ ಅಧ್ಯಕ್ಷರು ನಗುತ್ತಾರೆ. ಆಮೇಲೆ ಸಮವಸ್ತ್ರ ಹಾಕಿದ ಮಕ್ಕಳು ಗಿಡ ನೆಡುತ್ತಾರೆ. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅಂತ 2013ರ ಕಾಯ್ದೆ ಹೇಳಿತು ನೋಡಿ, ಅಲ್ಲಿಂದ ಈಚೆಗೆ ಗಿಡಗಳ ಫೋಟೋ ಜಾಸ್ತಿಯಾಯಿತು. 2022-23ರಿಂದ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಪರಿಸರ, ನೌಕರರು, ಸಮಾಜ ಅಂತ ಇನ್ನೊಂದು ಉದ್ದನೆಯ ವರದಿ ಲಗತ್ತಿಸಬೇಕು. ನನ್ನ ಮೊಮ್ಮಕ್ಕಳನ್ನು ಒಂದು ಕೈಯಲ್ಲಿ ಎತ್ತಲಾಗುವುದಿಲ್ಲ. ಎತ್ತುವವರೂ ಇಲ್ಲ, ಆ ಮಾತು ಬೇರೆ.

ಹಾಗಾದರೆ ಓದುವವನು ಎಲ್ಲಿಂದ ಶುರು ಮಾಡಬೇಕು?

ಹಿಂದಿನಿಂದ. ಆಡಿಟರು ಏನಂದಿದ್ದಾರೆ, ಅದಕ್ಕಿಂತ ಮುಖ್ಯವಾಗಿ ಎಲ್ಲಿ ‘ಆದರೆ’ ಅಂದಿದ್ದಾರೆ, ಅದು ಮೊದಲು. ಲಾಭ ಬಂದಿದೆ ಅನ್ನುತ್ತಾರಲ್ಲ, ನಗದು ಬಂದಿದೆಯೇ, ಅದು ಎರಡನೆಯದು. ಆಮೇಲೆ ಸಂಬಂಧಿತ ಪಕ್ಷಗಳ ವ್ಯವಹಾರ ಅಂತ ಒಂದು ಟಿಪ್ಪಣಿ ಇರುತ್ತದೆ. ಯಜಮಾನರ ತಮ್ಮನ ಕಟ್ಟಡಕ್ಕೆ ಬಾಡಿಗೆ, ಸೊಸೆಯ ಕಂಪನಿಗೆ ಸಾಲ, ಅಳಿಯನಿಗೆ ಸಲಹಾ ಶುಲ್ಕ. ಮದುವೆ ಕಾಗದದ ಕೆಳಗೆ ಸುಖಾಗಮನ ಬಯಸುವವರ ಪಟ್ಟಿ ಇರುತ್ತದಲ್ಲ, ಅದನ್ನು ಓದಿದ ಹಾಗೆ ಓದಬೇಕು. ಯಾರಿಗೆ ಯಾರು ಏನಾಗಬೇಕು ಅಂತ.

ನೇರವಾಗಿ ಕೇಳುತ್ತೇನೆ. ನೀವು ಸುಳ್ಳು ಹೇಳಿದ್ದುಂಟೇ?

ಒಂಟಿಯಾಗಿ ಸಿಕ್ಕಾಗ ಹೇಳಿದ್ದೇನೆ. ಆದರೆ ಇಲ್ಲಿ ನೋಡಿ, ನನ್ನ ಎಡಕ್ಕೆ ಅಣ್ಣಂದಿರು, ಬಲಕ್ಕೆ ತಮ್ಮಂದಿರು, ವರ್ಷದ ಪ್ರಕಾರ ಬೈಂಡ್ ಮಾಡಿ ಕೂರಿಸಿದ್ದಾರೆ. ಇವರ ನಡುವೆ ಸುಳ್ಳು ಹೇಳುವುದು ಕಷ್ಟ. ಹಿಂದಿನವನು ಹೊಸ ಘಟಕ ಇನ್ನೇನು ಶುರುವಾಯಿತು ಅಂದಿದ್ದಾನೆ, ನಾನು ಆ ಸುದ್ದಿಯನ್ನೇ ಎತ್ತಿಲ್ಲ. ನನ್ನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ‘ಅಗತ್ಯವಿದ್ದೆಡೆ ಹಿಂದಿನ ವರ್ಷದ ಅಂಕಿಗಳನ್ನು ಮರುವಿಂಗಡಿಸಲಾಗಿದೆ.’ ನಮ್ಮ ವಂಶದ ಅತ್ಯಂತ ಮುಗ್ಧ ಮುಖದ ವಾಕ್ಯ ಅದು. ವಿಂಗಡಿಸುವ ಮೊದಲು ಆ ಅಂಕಿ ಏನಿತ್ತು ಅಂತ ನೋಡಬೇಕಾದರೆ ಹಿಂದಿನ ವರ್ಷದ ಪುಸ್ತಕವೇ ಕೈಯಲ್ಲಿರಬೇಕು. ಅದು ನಿಮ್ಮ ಭಾವಮೈದುನನ ಹತ್ತಿರ ಇರುವುದಿಲ್ಲ. ಇಲ್ಲಿದೆ, ಧೂಳು ಕೊಡವಿಕೊಳ್ಳಿ.

ಸತ್ಯಂ ಕಂಪನಿಯ ವರದಿಗಳೂ ಇಲ್ಲಿವೆಯೇ?

ಮೇಲಿನ ಸಾಲಿನಲ್ಲಿದ್ದಾರೆ. ಪಾಪ, ಈಗ ಯಾರ ಹತ್ತಿರವೂ ಮಾತಾಡುವುದಿಲ್ಲ. 2008ರಲ್ಲಿ ಉತ್ತಮ ಕಾರ್ಪೊರೇಟ್ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಾಗ ಅವರ ಗತ್ತು ನೋಡಬೇಕಿತ್ತು. ಆ ಡಿಸೆಂಬರ್ 16ಕ್ಕೆ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳಲು ಹೊರಟರು. ಷೇರುದಾರರು ಕೂಗೆಬ್ಬಿಸಿದ ಮೇಲೆ ಕೈಬಿಟ್ಟರು. ಮೂರು ವಾರ ಕಳೆದು 2009ರ ಜನವರಿ 7ಕ್ಕೆ ರಾಮಲಿಂಗ ರಾಜು ಅವರೇ ಪತ್ರ ಬರೆದರು: ಲೆಕ್ಕದಲ್ಲಿ ತೋರಿಸಿರುವ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ.

ಸಾಲಾಗಿ ಜೋಡಿಸಿ ಓದಿದ್ದರೆ ಅದು ಗೊತ್ತಾಗುತ್ತಿತ್ತೇ?

ಇಲ್ಲ ಅಂತಲೇ ಹೇಳಬೇಕು. ಬ್ಯಾಂಕಿನ ಕಾಗದವೇ ನಕಲಿಯಾದರೆ ರ‍್ಯಾಕಿನಲ್ಲಿ ಕೂತವನು ಏನು ಮಾಡಿಯಾನು? ಆದರೆ ಇಷ್ಟು ದುಡ್ಡನ್ನು ಬ್ಯಾಂಕಿನಲ್ಲಿ ಸುಮ್ಮನೆ ಏಕೆ ಇಟ್ಟುಕೊಂಡಿದ್ದೀರಿ ಅಂತ ಒಂದು ಪ್ರಶ್ನೆಯನ್ನಾದರೂ ಕೇಳಬಹುದಿತ್ತು. ಪ್ರಶಸ್ತಿ ಕೊಡುವವರಿಗೆ ಅಂಥ ಪ್ರಶ್ನೆ ಹೊಳೆಯುವುದಿಲ್ಲ. ಕೈಯಲ್ಲಿ ಹಿಡಿದ ಮಾಲೆಯ ಹೂವು ಅವರ ಕಣ್ಣನ್ನೇ ಮುಚ್ಚಿರುತ್ತದೆ.

ಈಗೆಲ್ಲ ಇಂಟರ್ನೆಟ್ಟಿನಲ್ಲೇ ಸಿಗುತ್ತದಲ್ಲ, ನೀವೇಕೆ ಬೇಕು?

ಬದುಕಿರುವ ಕಂಪನಿಯದು ಸಿಗುತ್ತದೆ. ಸತ್ತವರದು? ನಮ್ಮ ಕರಾವಳಿಯನ್ನೇ ತೆಗೆದುಕೊಳ್ಳಿ. ಉಡುಪಿಯಲ್ಲಿ 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, ಮಂಗಳೂರಿನಲ್ಲಿ 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. 2019ರ ಏಪ್ರಿಲ್ 1ಕ್ಕೆ ವಿಜಯಾ ಹೋಗಿ ಬ್ಯಾಂಕ್ ಆಫ್ ಬರೋಡಾ ಸೇರಿತು. ಮರುವರ್ಷ ಅದೇ ಏಪ್ರಿಲ್ 1ಕ್ಕೆ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟ್ ಕೆನರಾದೊಳಗೆ. ವಿಲೀನವಾದವರ ವೆಬ್‌ಸೈಟಿಗೆ ಎಷ್ಟು ದಿನ ಯಾರು ದೀಪ ಹಚ್ಚಿಡುತ್ತಾರೆ? ಹೆಂಚಿನ ಸೂರಿನ ಊರುಗಳಲ್ಲಿ ಒಂದಾದ ಮೇಲೊಂದು ಬ್ಯಾಂಕು ಹುಟ್ಟಿದ್ದು ಹೇಗೆ ಅಂತ ಯಾರಾದರೂ ಹುಡುಗಿ ಥೀಸಿಸ್ ಬರೆಯಲು ಕೂತರೆ, ಕೊನೆಗೆ ಇಂಥ ರ‍್ಯಾಕಿನ ಮುಂದೆಯೇ ಮಂಡಿಯೂರಬೇಕು.

ಕೇಂದ್ರ ಸರ್ಕಾರದ ಕಂಪನಿ ವ್ಯವಹಾರ ಪೋರ್ಟಲ್ ಇದೆಯಲ್ಲ?

ಇದೆ. ನೂರು ರೂಪಾಯಿ ಕಟ್ಟಿದರೆ ಒಂದು ಕಂಪನಿಯ ಕಡತ ನೋಡಬಹುದು, ಪೋರ್ಟಲ್ ಮನಸ್ಸು ಮಾಡಿದ ದಿನ. ಅಲ್ಲಿ ಪ್ರತಿ ಕಂಪನಿಗೂ 21 ಅಕ್ಷರ-ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಜಾತಕ ಓದುವ ಹಾಗೆಯೇ ಓದಬಹುದು: ಪೇಟೆಯಲ್ಲಿದೆಯೋ ಇಲ್ಲವೋ, ಯಾವ ಉದ್ಯಮ, ಯಾವ ರಾಜ್ಯ, ಯಾವ ವರ್ಷ. ವಿಪ್ರೋದ ಸಂಖ್ಯೆಯಲ್ಲಿ ‘ಕೆಎ’ ಅಂತ ರಾಜ್ಯ, ಪಕ್ಕದಲ್ಲೇ ‘1945’ ಅಂತ ವರ್ಷ. ಆ ವರ್ಷ ಕರ್ನಾಟಕವೇ ಇರಲಿಲ್ಲ, ಕಂಪನಿ ಈಗಿನ ಮಹಾರಾಷ್ಟ್ರದ ಅಮಲ್ನೇರಿನಲ್ಲಿ ಅಡುಗೆ ಎಣ್ಣೆ ತೆಗೆಯುವುದಕ್ಕೆಂದು ಹುಟ್ಟಿತ್ತು. ಕಚೇರಿ ಸ್ಥಳಾಂತರವಾದರೆ ರಾಜ್ಯ ಬದಲಾಗುತ್ತದೆ, ಹುಟ್ಟಿದ ವರ್ಷ ಬದಲಾಗುವುದಿಲ್ಲ. ಇಂಥದ್ದನ್ನು ಹುಡುಕುವ ಸುಖ ಗೊತ್ತಾದವರು ಮಧ್ಯಾಹ್ನದ ಊಟ ಮರೆಯುತ್ತಾರೆ.

ಒಂದು ಕಂಪನಿ ಬಿಡಿ, ಇಡೀ ಉದ್ಯಮದ ಬಗ್ಗೆ ತಿಳಿಯಬೇಕಾದರೆ?

ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆ ಅಂತ ನಮ್ಮ ಎದುರು ಸಾಲಿನವರು. ಗಂಭೀರ ಜನ, ನಗುವುದಿಲ್ಲ, ಫೋಟೋ ಇಲ್ಲ. ಅವರಿಗೊಂದು ಹೊಸಿಲಿದೆ: ವಿದ್ಯುತ್ ಬಳಸುವ ಕಾರ್ಖಾನೆಯಲ್ಲಿ ಹತ್ತು ಕೆಲಸಗಾರರು, ವಿದ್ಯುತ್ ಇಲ್ಲದಿದ್ದರೆ ಇಪ್ಪತ್ತು. ಅದಕ್ಕಿಂತ ಕಡಿಮೆ ಇದ್ದವರು ಒಳಗೆ ಬರುವುದಿಲ್ಲ. ಪೀಣ್ಯದಲ್ಲಿ ಶೆಟರ್ ಎತ್ತಿ ಎರಡು ಲೇತ್ ಇಟ್ಟುಕೊಂಡು ಐದು ಜನ ಕೆಲಸ ಮಾಡುತ್ತಾರಲ್ಲ, ಅವರು ಆ ಪುಸ್ತಕದಲ್ಲಿ ಇಲ್ಲ. ಇದನ್ನು ತಿಳಿಯದೆ ಕೋಷ್ಟಕ ಎತ್ತಿ ‘ರಾಜ್ಯದ ಕೈಗಾರಿಕೆ’ ಅಂತ ಭಾಷಣ ಮಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ.

ವಿದ್ಯಾರ್ಥಿಗಳು ಬರುತ್ತಾರೆಯೇ?

ಪ್ರಾಜೆಕ್ಟ್ ಕೊಡಬೇಕಾದ ಹಿಂದಿನ ದಿನ ಬರುತ್ತಾರೆ, ಎಸಿ ಇರುವ ಕಡೆ ಕೂರುತ್ತಾರೆ. ಸ್ವಾಟ್ ಅನಾಲಿಸಿಸ್ ಬರೆಯುತ್ತಾರೆ. ಬಲ: ಜನಪ್ರಿಯ ಬ್ರ್ಯಾಂಡ್. ದೌರ್ಬಲ್ಯ: ತೀವ್ರ ಪೈಪೋಟಿ. ಅವಕಾಶ: ಗ್ರಾಮೀಣ ಮಾರುಕಟ್ಟೆ. ಅಪಾಯ: ತೀವ್ರ ಪೈಪೋಟಿ. ಸೋಪಿನ ಕಂಪನಿಗೂ ಇದೇ, ವಿಮಾನ ಕಂಪನಿಗೂ ಇದೇ. ಮೇಷ್ಟರು ತೂಕ ನೋಡಿ ಅಂಕ ಹಾಕುತ್ತಾರೆ. ಮಕ್ಕಳನ್ನು ಬೈದು ಏನು ಪ್ರಯೋಜನ? ಮೇಷ್ಟರೇ ಬಂದು ನಮ್ಮನ್ನು ತೆರೆದು ತೋರಿಸಿದ ದಿನ ನನಗೆ ನೆನಪಿಲ್ಲ.

ಡೇಟಾಬೇಸ್ ಇದೆಯಲ್ಲ?

ಸಿಎಂಐಇಯವರ ಪ್ರೊವೆಸ್ ಅಂತ ಇದೆ. ಸಾವಿರಾರು ಕಂಪನಿಗಳ ಲೆಕ್ಕ ಒಂದೇ ಕಡೆ, ಒಳ್ಳೆಯ ಸಾಧನ, ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ. ಶ್ರೀಮಂತ ಮ್ಯಾನೇಜ್‌ಮೆಂಟ್ ಶಾಲೆಗಳಲ್ಲಿ ಅದು ಸಲೀಸು. ನಮ್ಮಂಥ ಕಡೆ ಇದ್ದರೂ ಒಂದು ಕಂಪ್ಯೂಟರಿನಲ್ಲಿ, ಪಾಸ್‌ವರ್ಡ್ ಗೊತ್ತಿರುವವರು ರಜೆಯಲ್ಲಿ. 2025ರ ಜನವರಿಯಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಬಂದಿದೆ, ಮೂರು ವರ್ಷಕ್ಕೆ 6,000 ಕೋಟಿ. ಸಂತೋಷ. ಆದರೆ ಅದು ಸಂಶೋಧನಾ ನಿಯತಕಾಲಿಕೆಗಳಿಗೆ. ಕಂಪನಿಯ ಜಮಾಖರ್ಚು ನೋಡಬೇಕೆಂದರೆ ವಿಶ್ವವಿದ್ಯಾಲಯ ತನ್ನ ಜೇಬಿಗೇ ಕೈ ಹಾಕಬೇಕು. ಜೇಬು ಎಲ್ಲಿದೆ ಅಂತ ಹುಡುಕಲು ಒಂದು ಸಮಿತಿ ಇದೆ.

ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಇರುತ್ತಾನೆ ಅನ್ನುತ್ತಿದ್ದರಲ್ಲ ಗ್ರಂಥಾಲಯ ವಿಜ್ಞಾನಿ ರಂಗನಾಥನ್?

1931ರಲ್ಲಿ ಅಂದರು. 1962ರಲ್ಲಿ ಬೆಂಗಳೂರಿನಲ್ಲೇ ಗ್ರಂಥಾಲಯ ವಿಜ್ಞಾನಕ್ಕೆ ಒಂದು ಸಂಸ್ಥೆಯನ್ನೂ ಕಟ್ಟಿದರು. ದೊಡ್ಡವರ ಮಾತು, ತೆಗೆದುಹಾಕಲಾಗುವುದಿಲ್ಲ. ನನ್ನ ಓದುಗ ಎಲ್ಲೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರಬೇಕು.

ಮುಂದಿನ ಯೋಜನೆ?

ಹಳೆಯ ಪುಸ್ತಕ ವಿಲೇವಾರಿ ಪಟ್ಟಿಯಲ್ಲಿ ನಮ್ಮ ಸಾಲು ಪೂರ್ತಿ ಇದೆ. ಈ ಜಾಗ ಸ್ಟಾರ್ಟಪ್ ಕೇಂದ್ರಕ್ಕೆ ಬೇಕಂತೆ. ಉದ್ಯಮಗಳು ಹೇಗೆ ಮುಳುಗುತ್ತವೆ ಅಂತ ಹೇಳುವವರನ್ನು ಎಬ್ಬಿಸಿ, ಉದ್ಯಮ ಶುರು ಮಾಡುವವರನ್ನು ಕೂರಿಸುತ್ತಾರೆ.

ನಿಮಗೆ ಬೇಸರವಿಲ್ಲವೇ?

ಮಂಡಳಿಯು ಬೆಳವಣಿಗೆಗಳನ್ನು ಸೂಕ್ಷ್ಮವಾಗಿ ಗಮನಿಸುತ್ತಿದೆ.

ಬರೆದುಕೊಳ್ಳುವುದಿಲ್ಲ, ನಿಜ ಹೇಳಿ.

ನಿಜ ಹೇಳಲಾ? ಅಧ್ಯಕ್ಷರ ಫೋಟೋ ಇರುವುದು ಆರ್ಟ್ ಪೇಪರಿನಲ್ಲಿ. ನುಣುಪು ಕಾಗದ, ಬೋಂಡದ ಎಣ್ಣೆ ಹೀರುವುದಿಲ್ಲ, ಗಾಡಿಯವನಿಗೆ ಬೇಡ. ಟಿಪ್ಪಣಿಗಳು ಮಾಮೂಲಿ ಕಾಗದದಲ್ಲಿವೆ. ಅವಾದರೂ ಇನ್ನು ಮೇಲೆ ಷೇರುದಾರರ ಕೈ ಸೇರಬಹುದು.