ಹದಿನೆಂಟು ದಾಟಿದ ಸಂತ್ರಸ್ತರು

2011ರ ಜುಲೈನಲ್ಲಿ ಹಂಪಿ ಬಜಾರಿನ ಮನೆ-ಅಂಗಡಿಗಳ ಮೇಲೆ ಜೆಸಿಬಿ ಹತ್ತಿಸಿದ ಸರ್ಕಾರಕ್ಕೆ ಒಂದು ಶಿಸ್ತಾದರೂ ಇತ್ತು. ಯಾರ ಮನೆ ಹೋಯಿತು ಎಂದು ಪಟ್ಟಿ ಮಾಡಿತು, ಪಟ್ಟಿಯಲ್ಲಿದ್ದವರಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಿತು. ಪರಿಹಾರ ತಡವಾಯಿತು, ಸಾಲಲಿಲ್ಲ ಎನ್ನುವ ಜಗಳ ಬೇರೆ. ಮನೆ ಮುರಿದರೆ ಒಳಗಿದ್ದವರು ಸಂತ್ರಸ್ತರು ಅನ್ನುವುದನ್ನಾದರೂ ಅದು ಒಪ್ಪಿತು. ಅದೇ ಮನೆಯನ್ನು ಅಪ್ಪ-ಅಮ್ಮ ಸೇರಿ ಡೈವೋರ್ಸ್ ತಗೊಂಡು ಮುರಿದು ನೋಡಲಿ. ಮಗನಿಗೆ ಇಪ್ಪತ್ತೇಳಾಗಿದ್ದರೆ ಅವನ ಹೆಸರು ಯಾವ ಪಟ್ಟಿಗೂ ಏರುವುದಿಲ್ಲ. "ನೀನೇನ್ ಸಣ್ಣ ಹುಡುಗನಾ? ಮೀಸೆ ಬಂದೈತೆ, ಸಂಬಳ ಬರ್ತೈತೆ. ನಿನಗೇನಾಗೈತೆ?"

ಕಾನೂನಿನ ಲೆಕ್ಕವೂ ಇದೇ. ಮಗು ಯಾರ ಬಳಿ ಇರಬೇಕು ಎಂಬ ಚರ್ಚೆ ಹದಿನೆಂಟಕ್ಕೆ ಮುಗಿಯುತ್ತದೆ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಂ, ಒಪ್ಪಿ ಬೇರೆಯಾಗುವವರಿಗೆ ಮತ್ತೊಮ್ಮೆ ಯೋಚಿಸಲು ಆರು ತಿಂಗಳು ಕೊಟ್ಟಿತು. ತೀರಾ ಅವಸರವಿದ್ದವರಿಗೆ ಅದನ್ನೂ ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಗನಿಗೆ ಯೋಚಿಸಲು ಎಷ್ಟು ತಿಂಗಳು? ತೋರಣಗಲ್ಲಿನ ನೈಟ್ ಶಿಫ್ಟ್ ಮುಗಿಸಿ ಬಸ್ ಹತ್ತುವಾಗ ಫೋನ್ ಬರುತ್ತದೆ, ವಿಷಯ ಗೊತ್ತಾಗುತ್ತದೆ. ಹೊಸಪೇಟೆ ಬರುವುದರೊಳಗೆ ಅವನು ಸುಧಾರಿಸಿಕೊಳ್ಳಬೇಕು.

ಸಂತ್ರಸ್ತನಲ್ಲದಿದ್ದರೂ ಆಳಾಗಿ ಅವನು ಬೇಕೇ ಬೇಕು. ಅಮ್ಮನಿಗೆ ಸಾಕ್ಷಿ, ಅಪ್ಪನಿಗೆ ವಕೀಲ, ಸೋದರಮಾವನಿಗೆ ಸುದ್ದಿಗಾರ. "ನಿಮ್ಮಪ್ಪಗೆ ಹೇಳು, ಗ್ಯಾಸ್ ಕನೆಕ್ಷನ್ ನನ್ನ ಹೆಸರಿಗೈತೆ." "ನಿಮ್ಮವ್ವಗೆ ಹೇಳು, ಸ್ಟೌ ನಾ ತಂದಿದ್ದು." ಕೊನೆಗೆ ಇಬ್ಬರೂ, ಬೇರೆ ಯಾವುದರಲ್ಲೂ ಒಮ್ಮತವಿಲ್ಲದ ಆ ಇಬ್ಬರೂ, ಒಂದೇ ಮಾತು ಹೇಳುತ್ತಾರೆ: "ನಿನ್ನ ಮಾರಿ ನೋಡಿ ಇಷ್ಟು ವರ್ಷ ಸಹಿಸ್ಕೊಂಡೆ." ಕಾಲು ಶತಮಾನದ ಜಗಳದ ಬಿಲ್ಲು ಬಡ್ಡಿಸಮೇತ ಅವನ ಹೆಸರಿಗೆ.

ಅಮೆರಿಕದ ಪಾಲ್ ಅಮಾಟೊ, ಅಲನ್ ಬೂತ್ ಎಂಬಿಬ್ಬರು ವರ್ಷಗಟ್ಟಲೆ ಕುಟುಂಬಗಳ ಬೆನ್ನು ಹತ್ತಿ 1997ರಲ್ಲಿ ಒಂದು ಪುಸ್ತಕ ತಂದರು. ದಿನವೂ ಹೊಡೆದಾಡುವ ದಂಪತಿ ಬೇರೆಯಾದರೆ ಮಕ್ಕಳು ಬೆಳೆದ ಮೇಲೆ ಒಂದಿಷ್ಟು ನಿರಾಳ. ಹೊರಗೆ ತಣ್ಣಗಿದ್ದ ಮನೆ ದಿಢೀರ್ ಒಡೆದರೆ ಪೆಟ್ಟು ಜಾಸ್ತಿ ಎಂದರು. ನಮ್ಮವರು ಎರಡನ್ನೂ ಕೂಡಿಸಿದ್ದಾರೆ. ಮಕ್ಕಳು ಸಣ್ಣವರಿರುವಾಗ ಹೊಡೆದಾಟ, ಅವರಿಗೆ ನೌಕರಿ ಸಿಕ್ಕ ಮೇಲೆ ಡೈವೋರ್ಸು. ನಡುವೆ, ನೆಂಟರು ಬಂದಾಗ ಮಾತ್ರ ತಣ್ಣಗೆ.

ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದು ಹುಡುಗ ಡಾಕ್ಟರ ಬಳಿ ಹೋದರೆ ಬಿ ಕಾಂಪ್ಲೆಕ್ಸ್ ಗುಳಿಗೆ ಸಿಗುತ್ತದೆ. ಇದು ಯಾವ ಸೀಮೆ ಗೊತ್ತೇ? ಮನಸ್ಸಿನ ಕಾಯಿಲೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಯೋಗ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಹೊಸಪೇಟೆ ಆಗ ಅದರ ತಾಲೂಕು. ಆ 'ಬಳ್ಳಾರಿ ಮಾದರಿ'ಯ ಮೇಲೆಯೇ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಕಟ್ಟಿತು. ದೇಶಕ್ಕೆ ಮಾದರಿ ಕೊಟ್ಟ ಮೇಲೆ ನಮ್ಮಲ್ಲಿ ಉಳಿದದ್ದು ಗುಳಿಗೆ. 2022ರಿಂದ ಟೆಲಿ ಮಾನಸ್ ಇದೆ, 14416ಕ್ಕೆ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಹುಡುಗ ದನಿ ತಗ್ಗಿಸಿ ಮಾತಾಡುತ್ತಾ ಹಿತ್ತಲಿಗೆ ಹೋದರೆ ಸಾಕು, ಎರಡೂ ಕಡೆಯಿಂದ ವಿಚಾರಣೆ: "ಯಾರಿಗೆ ಫೋನು? ಅವರ ವಕೀಲಗಾ?"

ಮಗಳಾದರೆ ಕಥೆ ಕಲ್ಯಾಣ ಮಂಟಪದವರೆಗೆ ಹೋಗುತ್ತದೆ. ಹಂಪಿಯ ವಿರೂಪಾಕ್ಷ-ಪಂಪಾಂಬಿಕೆಯರಿಗೆ ಫಲಪೂಜೆಯಲ್ಲಿ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣ. ದೇವರ ಮದುವೆಯೇ ವರ್ಷವರ್ಷ ರಿನ್ಯೂ ಆಗುವ ಊರಲ್ಲಿ, ಮನುಷ್ಯರ ಮದುವೆ ಮುಗಿಯಬಹುದು ಎಂದರೆ ಬೀಗರು ಒಪ್ಪುತ್ತಾರೆಯೇ? ಹಾಗಾಗಿ ಲಗ್ನಪತ್ರಿಕೆಯಲ್ಲಿ ಅಪ್ಪ-ಅಮ್ಮ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ. ಧಾರೆಗೆ ಇಬ್ಬರೂ ಒಂದು ತಾಸು ಜೋಡಿಯಾಗಿ ನಿಲ್ಲಬೇಕು. ಅದರ ಸಂಧಾನಕ್ಕೆ ಅರಿಶಿನ ಹಚ್ಚಿದ ಕೈಯಲ್ಲೇ ಮದುಮಗಳು ಎರಡು ಫೋನ್ ಹಿಡಿದಿರುತ್ತಾಳೆ. ಫ್ಯಾಮಿಲಿ ಫೋಟೋ ಹೊತ್ತಿಗೆ ಅಪ್ಪ ಊಟದ ಹಾಲ್‌ನಲ್ಲಿ, ಅಮ್ಮ ರೂಮಿನಲ್ಲಿ. ಅವಳ ಸಂಕಟ ಮೊದಲು ಅರ್ಥವಾಗುವುದು ಫೋಟೋಗ್ರಾಫರನಿಗೆ. "ಅಳಬ್ಯಾಡ್ರಿ ಮೇಡಂ, ಮೇಕಪ್ ಹೋಗ್ತೈತೆ. ಬ್ಯಾರೆ ಬ್ಯಾರೆ ತೆಗೆದು ಆಲ್ಬಮ್‌ನಾಗ ಕೂಡಿಸಿ ಕೊಡ್ತೀನಿ. ಎಕ್ಸ್‌ಟ್ರಾ ಆಗ್ತೈತೆ, ಅಷ್ಟೇ."