ಬಾಗಿಲ ಪಕ್ಕದ ಕುರ್ಚಿ

ಎದೆ ಢವಢವ ಎಂದರೆ ನಮ್ಮಲ್ಲಿ ಡಾಕ್ಟರಿಗಿಂತ ಮೊದಲು ನೆನಪಾಗುವುದು ಗ್ಯಾಸು. "ಗ್ಯಾಸ್ಟ್ರಿಕ್ಕೇ ಇರಬೇಕು ಬಿಡಿ" ಎಂದು ಒಬ್ಬರು ಸೋಡಾ ತರಿಸುತ್ತಾರೆ. "ಬಿಪಿ ಲೋ ಆಗಿದೆ" ಎಂದು ಇನ್ನೊಬ್ಬರು ಉಪ್ಪು ಸಕ್ಕರೆ ಕದಡುತ್ತಾರೆ. "ನಿನ್ನೆ ಸೀಮಂತಕ್ಕೆ ಹೋಗಿದ್ದೆಯಲ್ಲ, ಯಾರದ್ದೋ ಕಣ್ಣು ತಾಗಿದೆ" ಎಂದು ಅಜ್ಜಿ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಇಷ್ಟೆಲ್ಲ ನಡೆಯುವಷ್ಟರಲ್ಲಿ ಕಾಲು ಗಂಟೆ ಕಳೆದಿರುತ್ತದೆ, ಮಲಗಿದ್ದವನು ಎದ್ದು ಕೂತಿರುತ್ತಾನೆ. ಪ್ಯಾನಿಕ್ ಅಟ್ಯಾಕಿನ ಸ್ವಭಾವವೇ ಅದು: ಕೆಲವೇ ನಿಮಿಷಗಳಲ್ಲಿ ತುದಿಗೇರಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಆದರೆ ಇಳಿಸಿದ ಕೀರ್ತಿ ಮಾತ್ರ ಯಾವುದನ್ನು ಕೊನೆಯಲ್ಲಿ ಕೊಟ್ಟರೋ ಅದಕ್ಕೆ. ಹೀಗಾಗಿ ಮನೆಗೊಂದು ರಾಮಬಾಣ.

ಆ ಕೆಲವು ನಿಮಿಷಗಳು ಮಾತ್ರ ನಗುವಂಥವಲ್ಲ. ಎದೆಬಡಿತ, ಬೆವರು, ನಡುಕ, ಉಸಿರು ಸಾಲದಂತಾಗುವುದು, ಗಂಟಲು ಕಟ್ಟುವುದು, ಎದೆನೋವು, ಹೊಟ್ಟೆ ತೊಳಸುವುದು, ತಲೆಸುತ್ತು, ಕೈಕಾಲು ಜೋಮು, ಮೈ ಬಿಸಿ ಇಲ್ಲವೇ ಚಳಿ, ಸುತ್ತಲಿನದು ಯಾವುದೂ ನಿಜವಲ್ಲ ಎನಿಸುವುದು, ಹುಚ್ಚು ಹಿಡಿಯುತ್ತದೆಂಬ ಭಯ, ಈಗಲೇ ಸಾಯುತ್ತೇನೆಂಬ ಭಯ. ವೈದ್ಯರ ಪುಸ್ತಕದಲ್ಲಿರುವುದು ಈ 13. ಇವುಗಳಲ್ಲಿ 4 ಅಥವಾ ಅದಕ್ಕಿಂತ ಹೆಚ್ಚು ಒಟ್ಟಿಗೆ ಧುತ್ತೆಂದು ಮೇಲೆ ಬಿದ್ದರೆ ಅದು ಪೂರ್ಣ ಪ್ರಮಾಣದ ಅಟ್ಯಾಕು. ಬಡಿತಕ್ಕೆ ಭಯ, ಭಯಕ್ಕೆ ಇನ್ನಷ್ಟು ಬಡಿತ. ಎರಡೂ ಒಂದನ್ನೊಂದು ಹುರಿದುಂಬಿಸುತ್ತ ಮೇಲೇರುತ್ತವೆ.

ಆಮೇಲೆ ಆಸ್ಪತ್ರೆ. ಇಸಿಜಿ ಆಗುತ್ತದೆ, ಎಕೋ ಆಗುತ್ತದೆ. ಡಾಕ್ಟರು "ಏನೂ ಇಲ್ಲ, ಆರಾಮಾಗಿ ಹೋಗಿ" ಎನ್ನುತ್ತಾರೆ. ಆರಾಮಾಗಿ ಹೋಗುವುದಾದರೂ ಹೇಗೆ? ಪ್ರಾಣವೇ ಹೋದಂತಾಗಿದ್ದವನಿಗೆ ಆ ಮಾತು ಕೇಳಿಸುವುದೇ ಬೇರೆ ಥರ: ಯಂತ್ರಕ್ಕೂ ಸಿಗದಂಥದ್ದು ಏನೋ ಇದೆ! ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ 2021ರ ಅಕ್ಟೋಬರ್ ಕೊನೆಯ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಜನ ಮುಗಿಬಿದ್ದರು. 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವದ ಮುಂದೆಯೂ ಉದ್ದನೆಯ ಸಾಲು. ಎದೆನೋವಿದ್ದವರು ಹೋಗಿ ತೋರಿಸಿಕೊಳ್ಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಾಲಿನಲ್ಲಿ ನಿಂತೇ ಬಡಿತ ಏರಿಸಿಕೊಂಡವರೂ ಕೆಲವರಾದರೂ ಇದ್ದಿರಬೇಕು.

ಇದೇನೂ ವಾಟ್ಸಾಪ್ ಕಾಲದ ಕಾಯಿಲೆಯಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರನ್ನು ಪರೀಕ್ಷಿಸಿದ ಡಕೋಸ್ಟಾ ಎಂಬ ವೈದ್ಯ, ಎದೆ ಬಡಿದುಕೊಂಡು ಉಸಿರು ಕಟ್ಟುವ ಗಟ್ಟಿಮುಟ್ಟಾದ ಹುಡುಗರ ಬಗ್ಗೆ 1871ರಲ್ಲೇ ಬರೆದಿದ್ದ. ಅವನು ಅದನ್ನು ಸಿಡಿಮಿಡಿಗೊಂಡ ಹೃದಯದ ಲೆಕ್ಕಕ್ಕೆ ಹಾಕಿದ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ಯಾನಿಕ್ ಡಿಸಾರ್ಡರ್ ಎಂಬ ಪ್ರತ್ಯೇಕ ಕಾಯಿಲೆಯಾಗಿ ಅದಕ್ಕೊಂದು ಜಾಗ ಸಿಕ್ಕಿದ್ದು 1980ರಲ್ಲಿ. ಅಷ್ಟರಲ್ಲಿ ನಮ್ಮಲ್ಲಿ ಎಷ್ಟು ಮೆಣಸಿನಕಾಯಿ ಒಲೆಗೆ ಬಿದ್ದಿತ್ತೋ!

ಈಗ ಅದನ್ನು ತೂಗುವ ತಕ್ಕಡಿಯೂ ಇದೆ. 1997ರಲ್ಲಿ ಕ್ಯಾಥರೀನ್ ಶಿಯರ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ಯಾನಿಕ್ ಡಿಸಾರ್ಡರ್ ಸಿವಿಯಾರಿಟಿ ಸ್ಕೇಲ್. ನಾವೇ ತುಂಬುವಂಥ ನಮೂನೆಯೂ ಆಮೇಲೆ ಬಂತು. ಏಳು ಪ್ರಶ್ನೆ, ಒಂದೊಂದಕ್ಕೆ 0ಯಿಂದ 4 ಅಂಕ, ಒಟ್ಟು 28. ಕೇಳುವುದು ಕಳೆದ ಒಂದು ವಾರದ ಸಮಾಚಾರ.

ಅಂಕ ಎಂದ ಕೂಡಲೇ ನಮ್ಮವರೊಳಗಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ ಎದ್ದು ಕೂರುತ್ತಾನೆ. ನಮ್ಮ ಭಾವನವರಿಗೆ ಆ ಹಾಳೆ ಕೊಟ್ಟಾಗ ಅವರು ಮೊದಲು ಕೇಳಿದ್ದು, "ಪಾಸಾಗೋಕೆ ಎಷ್ಟು ಬೇಕಯ್ಯಾ?" ಇಲ್ಲಿ ಕಡಿಮೆ ಬಂದಷ್ಟೂ ಒಳ್ಳೆಯದು ಎಂದೆ. "ಹಂಗಾದ್ರೆ ನಾನೇ ಫಸ್ಟು ತಗೋ" ಎಂದು ಪೆನ್ನು ತೆರೆದರು.

ಭಾವನವರು ಮೈಸೂರಿನಲ್ಲಿ ಬ್ಯಾಂಕ್ ನೌಕರರು. ವಯಸ್ಸು ನಲವತ್ತರ ಆಸುಪಾಸು. ಹಿಂದೊಮ್ಮೆ ಸಿನಿಮಾ ಹಾಲಿನಲ್ಲಿ ಅಟ್ಯಾಕ್ ಬಂದಿತ್ತು, ಆಮೇಲೆ ರೈಲಿನಲ್ಲಿ. ಎರಡು ಸಲವೂ ಇಸಿಜಿ ಸರಿಯಾಗಿತ್ತು, ಥೈರಾಯ್ಡೂ ಸರಿಯಾಗಿತ್ತು. ಈಗ ಹಾಳೆಯ ಮೊದಲ ಪ್ರಶ್ನೆ: ಈ ವಾರ ಅಟ್ಯಾಕ್ ಎಷ್ಟು ಸಲ ಬಂತು? ಸೊನ್ನೆ. ಬಂದಾಗ ಎಷ್ಟು ಸಂಕಟ? ಬಂದೇ ಇಲ್ಲವಲ್ಲ, ಸೊನ್ನೆ. ಮತ್ತೆ ಬಂದೀತೆಂಬ ಚಿಂತೆ? ಸ್ವಲ್ಪ ಯೋಚಿಸಿ 2 ಹಾಕಿದರು. ಉಳಿದ ನಾಲ್ಕಕ್ಕೂ ಸೊನ್ನೆ ಸುತ್ತಿ, ಕನ್ನಡಕ ತೆಗೆದು, ಗೆದ್ದವರ ಹಾಗೆ ನನ್ನನ್ನು ನೋಡಿದರು. 28ಕ್ಕೆ 2!

ಹಾಳೆ ಮಾಡಿದವರು ನಮ್ಮ ಭಾವನವರಂಥವರನ್ನು ಬಹಳ ಕಂಡಿದ್ದರೆಂದು ಕಾಣುತ್ತದೆ. ಏಳರಲ್ಲಿ ಅಟ್ಯಾಕಿನ ಬಗ್ಗೆ ನೇರವಾಗಿ ಕೇಳುವುದು ಮೊದಲ ಎರಡೇ. ಮಿಕ್ಕ ಐದೂ ಅದು ಬದುಕಿಗೆ ತಂದ ಚಿಂತೆ, ಅಡ್ಡಿಗಳ ಬಗ್ಗೆ. ನಾಲ್ಕನೆಯದು, ಭಯದಿಂದ ಯಾವ ಜಾಗಗಳನ್ನು ತಪ್ಪಿಸಿದಿರಿ ಎನ್ನುತ್ತದೆ: ಬಸ್ಸು, ಥಿಯೇಟರು, ಜನಜಂಗುಳಿ, ಸೇತುವೆ, ಒಂಟಿಯಾಗಿರುವುದು. ಐದನೆಯದು, ಯಾವ ಕೆಲಸಗಳನ್ನು ತಪ್ಪಿಸಿದಿರಿ ಎನ್ನುತ್ತದೆ: ಮೈ ದಣಿಸುವುದು, ಬಿಸಿನೀರ ಸ್ನಾನ, ಕಾಫಿ, ಭಯಾನಕ ಸಿನಿಮಾ. ಎರಡಕ್ಕೂ ಒಂದು ಬಾಲವಿದೆ: ಈ ವಾರ ಅಂಥ ಸಂದರ್ಭ ಬರದಿದ್ದರೂ, ಬಂದಿದ್ದರೆ ತಪ್ಪಿಸುತ್ತಿದ್ದಿರಾ? ಮನೆಯಲ್ಲೇ ಕೂತು ಸೊನ್ನೆ ಗಳಿಸಿದವರು ಸಿಕ್ಕಿಬೀಳುವುದು ಇಲ್ಲಿ.

ಆಗ ನಮ್ಮಕ್ಕ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಹಾಳೆ ನೋಡಿ, "ಇವರು ಬರೆದಿರೋದೆಲ್ಲ ಕಟ್ಟುಕತೆ ಕಣೋ" ಎಂದು ಪೆನ್ನು ಕಿತ್ತುಕೊಂಡಳು. ಮದುವೆಮನೆಯಲ್ಲಿ ಬಾಗಿಲ ಪಕ್ಕದ ಕುರ್ಚಿಯೇ ಯಾಕೆ? "ಗಾಳಿ ಬರುತ್ತೆ" ಎಂದರು ಭಾವ. ಧಾರೆಗೂ ಕಾಯದೆ ಮೊದಲ ಪಂಕ್ತಿಗೆ ಓಡುವುದು? "ಹಸಿವಾಗಿರುತ್ತೆ." ಬೆಂಗಳೂರಿಗೆ ಹೋಗಬೇಕೆಂದರೆ ಮಗನೂ ಜೊತೆಗೆ ಬರಬೇಕು? "ಅವನಿಗೂ ಊರು ತೋರಿಸಬೇಕಲ್ಲ." ಪ್ರತಿ ಭಾನುವಾರ ಹತ್ತುತ್ತಿದ್ದ ಚಾಮುಂಡಿ ಬೆಟ್ಟದ ಮೆಟ್ಟಿಲು ಬಿಟ್ಟದ್ದು? "ಮಂಡಿ." ಜೇಬಿನಲ್ಲಿ ಎದೆನೋವಿನ ಸಾರ್ಬಿಟ್ರೇಟ್ ಮಾತ್ರೆ? "ಯಾರಿಗಾದ್ರೂ ಬೇಕಾದೀತು." ಪ್ರಮೋಷನ್ ಬೇಡವೆಂದು ಬರೆದುಕೊಟ್ಟದ್ದು? "ಮಕ್ಕಳ ಓದು ಕಣೇ, ಟ್ರಾನ್ಸ್‌ಫರ್ ಆದ್ರೆ ಕಷ್ಟ."

ನೋಡಿ, ಒಂದೊಂದು ಉತ್ತರವೂ ಎಷ್ಟು ಮರ್ಯಾದಸ್ಥ! ಕಾಫಿ ಬಿಟ್ಟವನನ್ನು ನಾವು ನಿಯಮಸ್ಥ ಎನ್ನುತ್ತೇವೆ. ಸಂಜೆ ಹೊರಗೆ ಹೋಗದವನು ಮನೆವಂತ. ಬಡ್ತಿ ಬೇಡವೆಂದವನು ಸಂತೃಪ್ತ. ಅಟ್ಯಾಕ್ ಬಂದ ಹತ್ತು ನಿಮಿಷ ಇಡೀ ಬೀದಿಗೆ ಕಾಣುತ್ತದೆ. ಆದರೆ ಅದರ ಭಯಕ್ಕೆ ಮನುಷ್ಯ ವರ್ಷಗಟ್ಟಲೆ ತನ್ನ ಓಡಾಟಕ್ಕೆ ಬೇಲಿ ಹಾಕಿಕೊಂಡದ್ದು ಯಾರಿಗೂ ಕಾಣುವುದಿಲ್ಲ. ಕಂಡರೂ ಸದ್ಗುಣದಂತೆ ಕಾಣುತ್ತದೆ. ಕಾಯಿಲೆಯ ದೊಡ್ಡ ಪಾಲು ಇರುವುದು ಆ ಬೇಲಿಯಲ್ಲಿ. ಒಂದೆರಡು ಸಲ ಪ್ಯಾನಿಕ್ ಆಗುವುದು ಯಾರಿಗಾದರೂ ಆದೀತು. ಕಾರಣವಿಲ್ಲದೆ ಪದೇ ಪದೇ ಬಂದು, ಮತ್ತೆ ಬಂದೀತೆಂಬ ಚಿಂತೆಯಲ್ಲೋ ಬರದಂತೆ ತಪ್ಪಿಸಿಕೊಳ್ಳುವ ಉಪಾಯದಲ್ಲೋ ಒಂದು ತಿಂಗಳಾದರೂ ಕಳೆದರೆ ಮಾತ್ರ ವೈದ್ಯರು ಅದನ್ನು ಡಿಸಾರ್ಡರ್ ಎನ್ನುತ್ತಾರೆ.

ಅಕ್ಕನ ಮೌಲ್ಯಮಾಪನ ಮುಗಿಯಿತು. ಮೊದಲ ಎರಡಕ್ಕೆ ಸೊನ್ನೆ ಹಾಗೇ ಬಿಟ್ಟಳು. ಚಿಂತೆಗೆ 3, ಜಾಗಗಳಿಗೆ 3, ಕೆಲಸಗಳಿಗೆ 3, ನೌಕರಿಗಾದ ಅಡ್ಡಿಗೆ 2, ನಂಟರಿಷ್ಟರ ಒಡನಾಟಕ್ಕಾದ ಅಡ್ಡಿಗೆ 2. ಒಂದೇ ಒಂದು ಅಟ್ಯಾಕ್ ಇಲ್ಲದೆ 13! "ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕ್ತೀನಿ" ಎಂದರು ಭಾವ, ಆದರೆ ನಗುತ್ತಲೇ.

ಹಾಗೆಂದು ಹಾಳೆಯನ್ನೇ ಡಾಕ್ಟರು ಮಾಡಿಕೊಳ್ಳಬಾರದು. ಕಾಯಿಲೆ ಇದೆಯೋ ಇಲ್ಲವೋ ಹೇಳುವುದು ಅದರ ಕೆಲಸವಲ್ಲ. ಇದ್ದರೆ ಭಾರ ಎಷ್ಟು ಎಂದಷ್ಟೇ ಹೇಳುತ್ತದೆ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೇ ಬಡಿಯುತ್ತದೆ, ರಕ್ತ ಕಡಿಮೆಯಾದರೂ ಬಡಿಯುತ್ತದೆ, ನಾಲ್ಕಾರು ಲೋಟ ಫಿಲ್ಟರ್ ಕಾಫಿಯೂ ಬಡಿಸುತ್ತದೆ. ಹೊಸದಾಗಿ ಎದೆನೋವು ಬಂದರಂತೂ ಹಾಳೆ ಹುಡುಕುತ್ತ ಕೂರದೆ ಸೀದಾ ಆಸ್ಪತ್ರೆಗೆ. ಅಲ್ಲೆಲ್ಲ ಸರಿಯಿದೆ ಎಂದಾದ ಮೇಲೆ ಮನೋವೈದ್ಯರು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದಿದ್ದರೆ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಈ ರಾಷ್ಟ್ರೀಯ ಸಹಾಯವಾಣಿಗೆ ಬೆನ್ನೆಲುಬಾಗಿರುವುದು ನಮ್ಮ ನಿಮ್ಹಾನ್ಸೇ.

ಚಿಕಿತ್ಸೆಯ ವಿಷಯಕ್ಕೆ ಬಂದರೆ ಮಾತ್ರೆಗಳಿವೆ, ಅವು ಹಿಡಿಯಲು ಕೆಲವು ವಾರ ಬೇಕು. ಮಾತುಚಿಕಿತ್ಸೆಯೂ ಇದೆ, ಅದರಲ್ಲೊಂದು ಭಾಗ ಕೇಳಿದರೆ ನಮ್ಮಜ್ಜಿ ಬೆಚ್ಚಿಬೀಳುತ್ತಿದ್ದರು. ತಿರುಗುವ ಕುರ್ಚಿಯಲ್ಲಿ ಕೂರಿಸಿ ಗಿರಗಿರ ಸುತ್ತಿಸುತ್ತಾರೆ, ಸಣ್ಣ ಸ್ಟ್ರಾದಲ್ಲಿ ಉಸಿರಾಡಿಸುತ್ತಾರೆ, ಮೆಟ್ಟಿಲು ಹತ್ತಿಸಿ ಇಳಿಸುತ್ತಾರೆ. ತಲೆ ಸುತ್ತಿದರೂ ಎದೆ ಬಡಿದರೂ ಸಾಯುವುದಿಲ್ಲ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿದರೆ ಮೈ ನಂಬುವುದಿಲ್ಲ, ಅನುಭವಿಸಿಯೇ ನಂಬಬೇಕು. ನಾವು "ಧೈರ್ಯ ತಗೊಳ್ಳಿ" ಎಂದು ನೂರು ಸಲ ಹೇಳಿದ್ದರಲ್ಲಿ ಆಗದ್ದು ಒಂದು ಸ್ಟ್ರಾದಲ್ಲಿ ಆಗುತ್ತದೆ.

ಭಾವನವರು ತಿಂಗಳುಗಟ್ಟಲೆ ಓಡಾಡಿ ಎಲ್ಲ ಮಾಡಿಸಿಕೊಂಡರು. ಮೊನ್ನೆ ನೆಂಟರ ಮದುವೆಯಲ್ಲಿ ಹಾಲಿನ ನಟ್ಟನಡುವೆ ಕೂತಿದ್ದರು. ಧಾರೆ ಮುಗಿಸಿ ಮೂರನೇ ಪಂಕ್ತಿಗೆ ಎದ್ದರು. ಮನೆಗೆ ಬಂದು, ಬೇಳೆ ಹೋಳಿಗೆಗೆ ತುಪ್ಪ ಸಾಲದು, ಸಾರು ಆರಿಹೋಗಿತ್ತು, ಓಲಗದವರು ಕಿವಿಯ ಬಳಿಯೇ ಊದಿದರು ಎಂದು ಅರ್ಧ ಗಂಟೆ ಗೊಣಗಿದರು. "ಇವರಿಗೆ ಪೂರ್ತಿ ವಾಸಿಯಾಗಿದೆ ಕಣೋ" ಎಂದಳು ಅಕ್ಕ.